ಒಂದೇ ಖೋಲಿಯಲ್ಲಿ ಬೆಳ್ಳಿತೆರೆ

(ಸಂಘದ ಉಚಿತ ವಾಚನಾಲಯದ ಮಾಸಿಕ ಉಪನ್ಯಾಸದಲ್ಲಿ ಮುಂಬಯಿಯ ನಿವೃತ್ತ ಸಿನೆಮಾ ಆಪರೇಟರರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಚಿತ್ರಮಂದಿರದ ಯಂತ್ರದ ಕೋಣೆಯಲ್ಲಿ, ನಿಮ್ಮೆಲ್ಲರ ಬೆನ್ನ ಹಿಂದೆ ನಿಂತು ಆಯುಷ್ಯದ ಬಹುಭಾಗವನ್ನು ಕಳೆದವನು. ಪ್ರೇಕ್ಷಕರು ನಮ್ಮ ಕಡೆ ತಿರುಗಿ ನೋಡುತ್ತಿದ್ದುದು ರೀಲು ಕಡಿದಾಗ ಮಾತ್ರ. ಆಗ ಕೇಳಿಬರುತ್ತಿದ್ದ ಮಾತುಗಳನ್ನು ಈ ಸಭೆಯಲ್ಲಿ ಹೇಳುವಂತಿಲ್ಲ. ಇಂದು ನೀವೇ ನನ್ನ ಮುಖ ನೋಡಿ ಕುಳಿತಿರುವುದರಿಂದ ಸ್ವಲ್ಪ ಸಂಕೋಚವಾಗುತ್ತಿದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ, ಮನೆಯಲ್ಲಿಯೇ ಚಲನಚಿತ್ರ ತೋರಿಸಲು ಜಾಗದ ಏರ್ಪಾಡು. ಉಳ್ಳವರು ಇದಕ್ಕೆಂದೇ ಬೇರೆ ಕೋಣೆ ಕಟ್ಟಿಸಿ, ಗೋಡೆಗೆ ಮಖಮಲ್ಲು ಹೊದಿಸಿ, ಒರಗುವ ಕುರ್ಚಿ ಹಾಕಿಸುತ್ತಾರೆ. ಅದು ನಮ್ಮ ಮಾತಲ್ಲ. ನಮ್ಮ ಮಾತು ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಖೋಲಿಯದು. ಆ ಖೋಲಿಯಲ್ಲೇ ಅಡಿಗೆ, ಅಲ್ಲೇ ಊಟ, ಅಲ್ಲೇ ಮಗುವಿನ ಓದು, ಅಲ್ಲೇ ರಾತ್ರಿಪಾಳಿ ಮುಗಿಸಿ ಬಂದವನ ಹಗಲು ನಿದ್ದೆ. ಅದೇ ಖೋಲಿಯಲ್ಲಿ ತಿಂಗಳಿಗೊಮ್ಮೆ ಎರಡೂವರೆ ಗಂಟೆ ಬೆಳ್ಳಿತೆರೆ ಏಳಬೇಕು, ಆಟ ಮುಗಿದ ಹತ್ತು ನಿಮಿಷದಲ್ಲಿ ಅದು ಮಾಯವಾಗಿ ಹಾಸಿಗೆ ಬಿಚ್ಚುವಂತಾಗಬೇಕು. ಇದು ಸಾಧ್ಯವೇ ಎಂಬುದೇ ಪ್ರಶ್ನೆ. ಸಾಧ್ಯ ಎಂದು ಹೇಳುವುದಕ್ಕೇ ನಾನು ಬಂದಿದ್ದೇನೆ.

ಇಷ್ಟೊಂದು ಪಾಡು ಏಕೆ ಎಂದು ನೀವು ಕೇಳಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಭಾರತದಲ್ಲಿ ಮೊತ್ತಮೊದಲು ಚಲನಚಿತ್ರ ತೋರಿಸಿದ್ದು ಈ ಮುಂಬಯಿಯಲ್ಲೇ. 1896ರ ಜುಲೈ 7ರಂದು ಲ್ಯೂಮಿಯೇರ್ ಸೋದರರ ಚಿತ್ರಗಳು ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶಿತವಾದವು. ಕಾಲಾ ಘೋಡಾದ ಆ ಕಟ್ಟಡಕ್ಕೆ ಆಮೇಲೆ ಎಸ್ಪ್ಲನೇಡ್ ಮ್ಯಾನ್ಶನ್ ಎಂದು ಹೆಸರಾಯಿತು. ಫೋರ್ಟಿನ ಆಫೀಸುಗಳಿಗೆ ಹೋಗುವ ನಮ್ಮವರು ಅದರ ಮುಂದೆ ಎಷ್ಟೋ ಸಲ ನಡೆದಿದ್ದೀರಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಗೆ ಬಂತು, ವೈ. ವಿ. ರಾವ್ ಅದರ ನಿರ್ದೇಶಕರು. ಅದು ತಯಾರಾದದ್ದು ಬೆಂಗಳೂರಿನಲ್ಲಲ್ಲ, ಈ ಮಹಾರಾಷ್ಟ್ರದ ಕೊಲ್ಲಾಪುರದಲ್ಲಿ. ಅಂದರೆ ಕನ್ನಡ ಚಿತ್ರದ ತೊಟ್ಟಿಲು ತೂಗಿದ್ದೂ ಹೊರನಾಡಿನಲ್ಲೇ. ಆದರೆ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ತೆರೆಯ ಮೇಲೆ ಬಾರದ ಚಿತ್ರವನ್ನು ಜನ ಕೇಳುವುದಿಲ್ಲ. ಜನ ಕೇಳದ ಚಿತ್ರವನ್ನು ಜೋಪಾನ ಮಾಡುವವರೂ ಕಡಿಮೆ.

ನಮ್ಮ ಮಕ್ಕಳ ಮಾತು ಇದಕ್ಕಿಂತ ಹತ್ತಿರದ್ದು. ಶಾಲೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ಮರಾಠಿ, ಆಟದಲ್ಲಿ ಹಿಂದಿ. ಮನೆಯಲ್ಲಿ ಅವ್ವ 'ಊಟಕ್ಕೆ ಬಾ' ಎಂದರೆ ತಿಳಿಯುತ್ತದೆ. ಅದಕ್ಕಿಂತ ಉದ್ದದ ಕನ್ನಡ ಕೇಳುವ ಸಂದರ್ಭವೇ ಬರುವುದಿಲ್ಲ. ಎರಡೂವರೆ ಗಂಟೆ ಕಾಲ ಒಳ್ಳೆಯ ಕನ್ನಡವನ್ನು ಕಿವಿ ತುಂಬ ಕೇಳುವಂತೆ ಮಾಡುವ ಸಾಧನ ಚಲನಚಿತ್ರದಷ್ಟು ಸುಲಭವಾದುದು ಇನ್ನೊಂದಿಲ್ಲ. ನಗರದ ದೊಡ್ಡ ಮಂದಿರಗಳಲ್ಲಿ ಕನ್ನಡ ಚಿತ್ರ ಬರುವುದು ಅಪರೂಪ. ಬಂದರೂ ಐದು ಮಂದಿಯ ಟಿಕೇಟು, ರೈಲು ಖರ್ಚು, ತಿಂಡಿ ಎಂದರೆ ಗುಮಾಸ್ತನ ಜೇಬು ತಡೆಯುವುದಿಲ್ಲ. ಹಳೆಯ ಚಿತ್ರಗಳಂತೂ ಬರುವುದೇ ಇಲ್ಲ. ಆದರೆ ಅವುಗಳಲ್ಲಿ ಎಷ್ಟೋ ಚಿತ್ರಗಳನ್ನು ಹಕ್ಕುಳ್ಳ ಕಂಪನಿಗಳೇ ಯೂಟ್ಯೂಬಿನಲ್ಲಿ ಉಚಿತವಾಗಿ ಇಟ್ಟಿವೆ. ಬಾವಿಯಲ್ಲಿ ನೀರಿದೆ, ನಮಗೆ ಬೇಕಾದುದು ಹಗ್ಗ, ಕೊಡ.

ಈಗ ಏರ್ಪಾಡಿನ ವಿಷಯಕ್ಕೆ ಬರೋಣ. ಇದರಲ್ಲಿ ಐದು ಅಂಗಗಳಿವೆ: ಕತ್ತಲೆ, ತೆರೆ, ಯಂತ್ರ, ಧ್ವನಿ, ಜನ. ಎಲ್ಲರೂ ಯಂತ್ರದಿಂದ ಆರಂಭಿಸುತ್ತಾರೆ. ಕತ್ತಲೆಯಿಂದ ಆರಂಭಿಸಬೇಕು, ಏಕೆಂದರೆ ಅದಕ್ಕೆ ದುಡ್ಡಿಲ್ಲ.

ಪ್ರೊಜೆಕ್ಟರಿನಲ್ಲಿ ಕಪ್ಪು ಬಣ್ಣದ ದೀಪ ಎಂಬುದಿಲ್ಲ. ತೆರೆಯ ಮೇಲೆ ನೀವು ಕಾಣುವ ನಾಯಕನ ಕಪ್ಪು ಕೂದಲು, ಬೆಳಕು ಬೀಳದ ಬರಿಯ ಗೋಡೆಯೇ. ಖೋಲಿಗೆ ಹೊರಗಿನ ಬೆಳಕು ನುಗ್ಗಿದರೆ ಆ ಕಪ್ಪು ಬೂದಿಯಾಗುತ್ತದೆ. ರಾತ್ರಿಯ ದೃಶ್ಯ ಏನೂ ಕಾಣುವುದಿಲ್ಲ. ಕಿಟಕಿಗೆ ಒಂದು ಕಂಬಳಿ, ಬಾಗಿಲ ಮೇಲಿನ ಗಾಜಿಗೆ ಕಪ್ಪು ಕಾಗದ, ಹೊಸ್ತಿಲ ಸಂದಿಗೆ ಒಂದು ಗೋಣಿತಾಟು, ಇಷ್ಟಾದರೆ ಚಾಳಿನ ಪಡಸಾಲೆಯ ದೀಪ ಒಳಗೆ ಬರುವುದಿಲ್ಲ. ಆದರೆ ಎಚ್ಚರಿಕೆ: ಹದಿನೈದು ಮಂದಿ ಕುಳಿತ ಖೋಲಿಯನ್ನು ಡಬ್ಬಿಯಂತೆ ಮುಚ್ಚಬಾರದು. ಕಂಬಳಿಯನ್ನು ಕಿಟಕಿಗೆ ಅಂಟಿಸದೆ ನಾಲ್ಕು ಬೆರಳು ಮುಂದಕ್ಕೆ ಹಗ್ಗದ ಮೇಲೆ ಇಳಿಬಿಟ್ಟರೆ ಗಾಳಿ ಪಕ್ಕದಿಂದ ಆಡುತ್ತದೆ, ಬೆಳಕು ನೇರವಾಗಿ ಬರುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಆಟ ಇಟ್ಟುಕೊಂಡರೆ ಅರ್ಧ ಕೆಲಸ ಸೂರ್ಯನೇ ಮಾಡಿಕೊಡುತ್ತಾನೆ.

ಎರಡನೆಯದು ತೆರೆ. ಗೋಡೆ ಸಪಾಟಾಗಿದ್ದು ಬಿಳಿಯ ಡಿಸ್ಟೆಂಪರು ಬಳಿದಿದ್ದರೆ ಅದಕ್ಕಿಂತ ಒಳ್ಳೆಯ ತೆರೆ ಬೇಕಿಲ್ಲ. ಹೊಳೆಯುವ ಆಯಿಲ್ ಪೇಂಟು ಬೇಡ. ಅದು ಕನ್ನಡಿಯಂತೆ ದೀಪವನ್ನೇ ಕಣ್ಣಿಗೆ ಎಸೆಯುತ್ತದೆ. ಆದರೆ ಮುಂಬಯಿಯ ಮಳೆಗಾಲ ಕಂಡ ಗೋಡೆಗಳು ನಿಮಗೆ ಗೊತ್ತೇ ಇವೆ. ಎಲ್ಲಿ ಪದರು ಎದ್ದಿದೆಯೋ ಅಲ್ಲಿ ನಾಯಕಿಯ ಕೆನ್ನೆಯೂ ಎದ್ದಿರುತ್ತದೆ. ಅಂಥ ಕಡೆ ಬಟ್ಟೆಯೇ ಮೇಲು. ಒಂಟಿ ಚಾದರದಲ್ಲಿ ಬೆಳಕು ಅರ್ಧ ತೂರಿಹೋಗುತ್ತದೆ. ಬಿಳಿಯ ದಪ್ಪ ಚಾದರವನ್ನು ಎರಡು ಮಡಿಕೆ ಮಾಡಿ ಹೊಲಿಸಿ. ಮೇಲ್ತುದಿಗೆ ಒಂದು ಕೋಲು, ಕೆಳತುದಿಗೆ ನೆರಿಗೆಯಂತೆ ಚೀಲ ಹೊಲಿದು ಅದರೊಳಗೆ ಒಂದು ಕಬ್ಬಿಣದ ಸರಳು. ಸರಳಿನ ಭಾರಕ್ಕೆ ಬಟ್ಟೆ ಬಿಗಿದು ನಿಲ್ಲುತ್ತದೆ. ಇಲ್ಲವಾದರೆ ಫ್ಯಾನಿನ ಗಾಳಿಗೆ ಇಡೀ ಊರೇ ತೂಗಾಡುತ್ತದೆ. ಎರಡು ಮೊಳೆ ಸಾಕು. ಆಟ ಮುಗಿದೊಡನೆ ಚಾಪೆಯಂತೆ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಬಹುದು. ತೆರೆಯ ನಾಲ್ಕು ಅಂಚಿಗೆ ನಾಲ್ಕು ಬೆರಳಗಲ ಕಪ್ಪು ಬಟ್ಟೆಯ ಅಂಚು ಕೊಟ್ಟರೆ ಚಿತ್ರ ಎದ್ದು ಕಾಣುತ್ತದೆ. ಮಂದಿರಗಳಲ್ಲಿ ತೆರೆಯ ಸುತ್ತ ಕಪ್ಪು ಅಂಚಿರುವುದು ಇದಕ್ಕೇ.

ಅಳತೆ ಎಷ್ಟು? ಹತ್ತಡಿಯ ಗೋಡೆಗೆ ಆರಡಿ ಅಗಲದ ಚಿತ್ರ ಸರಿಹೋಗುತ್ತದೆ. ಈಗಿನ ಯಂತ್ರಗಳ ಚಿತ್ರದ ಪ್ರಮಾಣ 16ಕ್ಕೆ 9. ಆದುದರಿಂದ ಆರಡಿ ಅಗಲಕ್ಕೆ ಎತ್ತರ ಮೂರು ಅಡಿ ನಾಲ್ಕೂವರೆ ಅಂಗುಲ. ನೆಲದ ಮೇಲೆ ಕೂತವರ ತಲೆ ಸುಮಾರು ಮೂರಡಿಗೆ ಬರುತ್ತದೆ. ಚಿತ್ರದ ಕೆಳ ಅಂಚನ್ನು ಅದಕ್ಕಿಂತ ಕೆಳಗೆ ಇಳಿಸಬಾರದು. ಮುಂದಿನ ಸಾಲು ತೆರೆಯಿಂದ ಆರಡಿ ದೂರವಿರಲಿ. ಮಕ್ಕಳು ಇನ್ನೂ ಮುಂದೆ ಓಡುತ್ತಾರೆ, ಅವರನ್ನು ಯಾವ ಆಪರೇಟರನೂ ತಡೆಯಲಾರ.

ಹಳೆಯ ಚಿತ್ರ ತೋರಿಸುವಾಗ ಒಂದು ಮಾತು ನೆನಪಿಡಿ. ಅವು ಇಷ್ಟು ಅಗಲವಾಗಿರಲಿಲ್ಲ. ಅವುಗಳ ಪ್ರಮಾಣ ಹೆಚ್ಚುಕಡಿಮೆ 4ಕ್ಕೆ 3. ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಬರಲಿ. ತೆರೆ ತುಂಬಬೇಕೆಂದು ಎಳೆದು ಹಿಗ್ಗಿಸಿದರೆ 1954ರ 'ಬೇಡರ ಕಣ್ಣಪ್ಪ'ದ ರಾಜಕುಮಾರರ ಮುಖ ಕುಂಬಳಕಾಯಿಯಾಗುತ್ತದೆ.

ಮೂರನೆಯದು ಯಂತ್ರ. ನನ್ನ ಕಾಲದ ಯಂತ್ರದ ಕಥೆಯೇ ಬೇರೆ. 35 ಮಿಲಿಮೀಟರಿನ ಫಿಲ್ಮು, ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಬೆಳಕು, ಕೋಣೆಯಲ್ಲಿ ಬೇಸಿಗೆಯಲ್ಲೂ ಕುಲುಮೆಯ ಕಾವು. ಮನೆ, ಶಾಲೆ, ಹಳ್ಳಿಗಳಿಗೆಂದು ಕೊಡಕ್ ಕಂಪನಿ 1923ರಲ್ಲಿ 16 ಮಿಲಿಮೀಟರಿನ ಫಿಲ್ಮನ್ನು ಹೊರತಂದಿತು. ಮೊದಲಿನ 35 ಮಿಲಿಮೀಟರಿನ ನೈಟ್ರೇಟ್ ಫಿಲ್ಮು ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುತ್ತಿರಲಿಲ್ಲ, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇತ್ತು. ಆದ್ದರಿಂದ ಮನೆಯ ಫಿಲ್ಮನ್ನು ಸುಲಭವಾಗಿ ಹೊತ್ತದ ಅಸಿಟೇಟಿನಿಂದ ಮಾಡಿದರು. ನಮ್ಮ ಹಳ್ಳಿಗಳಿಗೆ ಸರಕಾರದ ಪ್ರಚಾರ ವ್ಯಾನು ಬಂದು ಶಾಲೆಯ ಮುಂದೆ ಬಟ್ಟೆ ಕಟ್ಟಿ ತೋರಿಸುತ್ತಿದ್ದುದು ಈ 16 ಮಿಲಿಮೀಟರನ್ನೇ. ಚೋರ್ ಬಜಾರಿನಲ್ಲಿ ಅಂಥ ಹಳೆಯ ಯಂತ್ರಗಳು ಇಂದೂ ಕಣ್ಣಿಗೆ ಬೀಳುತ್ತವೆ. ಅದನ್ನು ಕಂಡು ಮನಸ್ಸು ಕರಗುವುದು ಸಹಜ, ನನಗೂ ಕರಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 16 ಮಿಲಿಮೀಟರಿನ ಒಂದು ಅಡಿಗೆ 40 ಚಿತ್ರ. ಸೆಕೆಂಡಿಗೆ 24 ಚಿತ್ರ ಓಡಬೇಕು. ಅಂದರೆ ನಿಮಿಷಕ್ಕೆ 36 ಅಡಿ. ಎರಡೂಕಾಲು ಗಂಟೆಯ ಚಿತ್ರಕ್ಕೆ 4,860 ಅಡಿ ಫಿಲ್ಮು. ಅದನ್ನು ಎಲ್ಲಿಂದ ತರುವಿರಿ, ಯಾವ ಅಟ್ಟದಲ್ಲಿ ಇಡುವಿರಿ? ಹವ್ಯಾಸವಿದ್ದವರಿಗೆ ಅದು ಸರಿ. ಸಂಸಾರಕ್ಕೆ ಇಂದಿನ ಸಣ್ಣ ಡಿಜಿಟಲ್ ಪ್ರೊಜೆಕ್ಟರೇ ತಕ್ಕದ್ದು.

ಅದನ್ನು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರಗಳನ್ನು ನಂಬಬೇಡಿ. ಬೆಳಕಿನ ಅಳತೆಗೆ ಲ್ಯುಮೆನ್ ಎನ್ನುತ್ತಾರೆ. ಅಗ್ಗದ ಯಂತ್ರದ ಮೇಲೆ ಎಂಟು ಸಾವಿರ, ಹತ್ತು ಸಾವಿರ ಎಂದು ಅಚ್ಚು ಹಾಕಿರುತ್ತಾರೆ, ಅದಕ್ಕೆ ಕಟ್ಟುಪಾಡಿಲ್ಲ. ಕಟ್ಟುಪಾಡಿನಂತೆ ಅಳೆದದ್ದು 'ಆನ್ಸಿ ಲ್ಯುಮೆನ್'. ಅಂಗಡಿಯವನನ್ನು ಆ ಸಂಖ್ಯೆಯನ್ನೇ ಕೇಳಿ. ಲೆಕ್ಕ ಸುಲಭವಾಗಿದೆ: ಆನ್ಸಿ ಲ್ಯುಮೆನನ್ನು ತೆರೆಯ ಚದರ ಅಡಿಯಿಂದ ಭಾಗಿಸಿ. ಮಂದಿರದ ತೆರೆಗೆ ಬರಬೇಕಾದ ಉತ್ತರ 16. ನಮ್ಮ ಆರಡಿ ತೆರೆಯ ವಿಸ್ತೀರ್ಣ ಸುಮಾರು 20 ಚದರ ಅಡಿ. ನಿಜವಾದ 300 ಆನ್ಸಿ ಲ್ಯುಮೆನ್ ಇದ್ದರೆ 15 ಬಂತು. ಕತ್ತಲ ಖೋಲಿಯಲ್ಲಿ ಮಂದಿರದ ಸಮಕ್ಕೆ ನಿಲ್ಲುತ್ತದೆ. 200 ಇದ್ದರೆ 10, ಅದೂ ನಡೆಯುತ್ತದೆ. ಕತ್ತಲೆ ಮಾಡಲು ಸೋಮಾರಿತನ ಪಟ್ಟವನು ಮಾತ್ರ ದೊಡ್ಡ ಯಂತ್ರಕ್ಕೆ ದುಡ್ಡು ತೆರಬೇಕು.

ಇನ್ನೊಂದು ಸಂಖ್ಯೆ 'ಥ್ರೋ'. ಯಂತ್ರಕ್ಕೂ ತೆರೆಗೂ ಇರಬೇಕಾದ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಥ್ರೋ 1.2 ಇದ್ದರೆ ಆರಡಿ ಚಿತ್ರಕ್ಕೆ ಯಂತ್ರ ಏಳೂಕಾಲು ಅಡಿ ದೂರದಲ್ಲಿರಬೇಕು, 1.5 ಇದ್ದರೆ ಒಂಬತ್ತು ಅಡಿ. 2ಕ್ಕಿಂತ ಹೆಚ್ಚಿದ್ದರೆ ಹನ್ನೆರಡು ಅಡಿಯ ಖೋಲಿಯಲ್ಲಿ ಯಂತ್ರವನ್ನು ಪಕ್ಕದ ಮನೆಯವರ ಖೋಲಿಯಲ್ಲಿ ಇಡಬೇಕಾದೀತು! ಕೊಳ್ಳುವ ಮುಂಚೆ ಮನೆಯಲ್ಲಿ ದಾರ ಹಿಡಿದು ಅಳೆದುಕೊಂಡು ಹೋಗಿ.

ಯಂತ್ರ ತೆರೆಗೆ ನೇರವಾಗಿ ನಿಲ್ಲಬೇಕು. ಓರೆಯಾಗಿಟ್ಟರೆ ಚಿತ್ರ ಮೊರದ ಆಕಾರಕ್ಕೆ ಬರುತ್ತದೆ. ಅದನ್ನು ಗುಂಡಿಯೊತ್ತಿ ಸರಿಪಡಿಸುವ ಸೌಲಭ್ಯ ಈಗಿನ ಯಂತ್ರಗಳಲ್ಲಿದೆ, ಆದರೆ ಹಾಗೆ ತಿದ್ದಿದಷ್ಟೂ ಚಿತ್ರದ ಮೊನಚು ಕಡಿಮೆಯಾಗುತ್ತದೆ. ಸ್ಟೂಲಿನ ಮೇಲೆ ಹಳೆಯ ದೂರವಾಣಿ ಡೈರೆಕ್ಟರಿ ಇಟ್ಟು ಎತ್ತರ ಸರಿಮಾಡುವುದೇ ಉತ್ತಮ ವಿಧಾನ. ಆ ಗ್ರಂಥಕ್ಕೆ ಈಗ ಬೇರೆ ಉಪಯೋಗವೂ ಉಳಿದಿಲ್ಲ. ಯಂತ್ರದ ಬದಿಯ ಗಾಳಿಯ ಕಿಂಡಿಗೆ ಬಟ್ಟೆ, ದಿಂಬು ತಾಗಬಾರದು. ತಂತಿಯನ್ನು ಗೋಡೆಯಂಚಿಗೆ ಎಳೆದು ಚಾಪೆಯ ಕೆಳಗೆ ಅಡಗಿಸಿ, ಕತ್ತಲಲ್ಲಿ ಎದ್ದವರ ಕಾಲಿಗೆ ತೊಡರದಿರಲಿ. ಹಳೆಯ ಬಲ್ಬಿನ ಯಂತ್ರವಾದರೆ ದೀಪ ಆರಿದ ಮೇಲೂ ಒಳಗಿನ ಫ್ಯಾನು ನಿಲ್ಲುವವರೆಗೆ ಪ್ಲಗ್ಗು ಕೀಳಬೇಡಿ. ಎಲ್ಲಕ್ಕೂ ಮುಖ್ಯವಾದುದು, ಆಟ ನಡೆಯುವಾಗ ಅದೇ ಖೋಲಿಯಲ್ಲಿ ಬೋಂಡ ಕರಿಯಬೇಡಿ. ಎಣ್ಣೆಯ ಹೊಗೆ ಕಣ್ಣಿಗೆ ಕಾಣದಂತೆ ಗಾಜಿನ ಮೇಲೆ ಕೂತು ಚಿತ್ರಕ್ಕೆ ಮಂಜು ಕವಿಸುತ್ತದೆ. ಊದುಬತ್ತಿಗೂ ಇದೇ ಮಾತು.

ನಾಲ್ಕನೆಯದು ಧ್ವನಿ. ಕನ್ನಡ ಕಲಿಯಲೆಂದು ಚಿತ್ರ ತೋರಿಸುವವನು ಚಿತ್ರಕ್ಕಿಂತ ಮಾತಿನ ಕಡೆ ಹೆಚ್ಚು ಗಮನ ಕೊಡಬೇಕು. ಯಂತ್ರದೊಳಗಿನ ಸ್ಪೀಕರು ಚಿಕ್ಕದು. ಮೇಲಾಗಿ ಅದು ನಮ್ಮ ಬೆನ್ನ ಹಿಂದಿರುತ್ತದೆ. ತಾಯಿ ಮುಂದೆ ಅಳುತ್ತಾಳೆ, ಅಳು ಹಿಂದಿನಿಂದ ಕೇಳುತ್ತದೆ. ಬೇರೊಂದು ಸ್ಪೀಕರನ್ನು ತಂತಿಯಿಂದ ಜೋಡಿಸಿ ತೆರೆಯ ಕೆಳಗೆ ನಡುವೆ ಇಡಿ. ತಂತಿಯಿಲ್ಲದ ಬ್ಲೂಟೂತಿನಲ್ಲಿ ಕೆಲವೊಮ್ಮೆ ತುಟಿ ಮುಂದೆ, ಮಾತು ಹಿಂದೆ ಆಗುತ್ತದೆ. ಬರಿಯ ಗೋಡೆಯ ಖೋಲಿಯಲ್ಲಿ ಮಾತು ಪ್ರತಿಧ್ವನಿಸಿ ಕಲಸಿಹೋಗುತ್ತದೆ. ಇದಕ್ಕೆ ಮದ್ದು ನಮ್ಮ ಉತ್ತರ ಕರ್ನಾಟಕದವರ ಟ್ರಂಕಿನಲ್ಲೇ ಇದೆ: ಕೌದಿ. ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ಆ ಕೌದಿಯನ್ನು ಹಿಂದಿನ ಗೋಡೆಗೆ ತೂಗುಬಿಟ್ಟರೆ ಪ್ರತಿಧ್ವನಿ ತಗ್ಗಿ ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ಸ್ಪೀಕರನ್ನು ನೆರೆಯವರ ಗೋಡೆಗೆ ತಾಗಿಸದೆ, ಮಡಿಸಿದ ಚಾಪೆಯ ಮೇಲಿಡಿ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ವೇಳೆಯನ್ನು ರಾತ್ರಿಕಾಲವೆಂದು ಗುರುತಿಸಿವೆ. ಏಳು ಗಂಟೆಗೆ ಆರಂಭಿಸಿದರೆ ಅದರೊಳಗೆ ಮುಗಿಯುತ್ತದೆ. ನಿಯಮಕ್ಕಿಂತ ದೊಡ್ಡದು ನೆರೆಯವರ ಮನಸ್ಸು. ಅವರನ್ನೂ ಕರೆಯಿರಿ, ಕರೆದವರ ಮನೆಯ ಸದ್ದು ಯಾರಿಗೂ ಗದ್ದಲವಾಗುವುದಿಲ್ಲ.

ಐದನೆಯದು ಜನ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕಾಗಿದೆ. 'ಮನೆಯಲ್ಲಿ ಜಾಗ' ಎಂದು ನಾವು ಗಂಡಸರು ಹೇಳುವಾಗ ಅದು ಯಾರ ಜಾಗ ಎಂದು ಯೋಚಿಸುವುದಿಲ್ಲ. ಆ ಖೋಲಿ ಮನೆಯಾಕೆಯ ಅಡಿಗೆಮನೆ, ಆಕೆಯ ವಿಶ್ರಾಂತಿಯ ಜಾಗ. ಹದಿನೈದು ಮಂದಿಯನ್ನು ಕರೆದು, ಆಕೆ ಎರಡೂವರೆ ಗಂಟೆ ಚಹಾ ಸೋಸುತ್ತ ಬಾಗಿಲ ಸಂದಿಯಿಂದ ಚಿತ್ರ ನೋಡುವಂತಾದರೆ ಅದು ಮನೆಯ ಸಿನೆಮಾ ಅಲ್ಲ, ಮನೆಯಾಕೆಗೆ ಓವರ್‌ಟೈಮು. ಆದುದರಿಂದ ಒಂದು ಕಟ್ಟಳೆ ಮಾಡಿಕೊಳ್ಳಿ: ಮೊದಲು ಊಟ, ಆಮೇಲೆ ಆಟ, ನಡುವೆ ಚಹಾ ಇಲ್ಲ, ಮನೆಯಾಕೆಯ ಜಾಗ ತೆರೆಯ ಎದುರು ನಡುಸಾಲಿನಲ್ಲಿ. ಮಕ್ಕಳ ಪರೀಕ್ಷೆಯ ತಿಂಗಳಲ್ಲಿ ಆ ಮನೆಗೆ ಸರದಿ ಬೇಡ. ರಾತ್ರಿಪಾಳಿಯವರಿದ್ದರೆ ಅವರ ವಾರದ ರಜೆ ನೋಡಿ ದಿನ ಗೊತ್ತುಮಾಡಿ.

ದುಡ್ಡಿನ ಮಾತೂ ಇಲ್ಲೇ ಬರುತ್ತದೆ. ಯಂತ್ರಕ್ಕಾಗಿ ಸಾಲ ಮಾಡಬೇಡಿ, ಕಂತಿನ ಮೇಲೂ ತರಬೇಡಿ. ತಿಂಗಳಿಗೊಮ್ಮೆ ಉರಿಯುವ ದೀಪಕ್ಕೆ ತಿಂಗಳು ತಿಂಗಳೂ ಕಂತು ಕಟ್ಟುವುದು ಲೆಕ್ಕಕ್ಕೆ ಕೂಡುವುದಿಲ್ಲ. ಐದಾರು ಮನೆಯವರು ಸೇರಿ ಒಂದು ಯಂತ್ರ, ಒಂದು ಸ್ಪೀಕರು ಕೊಳ್ಳಲಿ. ತೆರೆ ಮಾತ್ರ ಮನೆಗೊಂದು ಹೊಲಿಸಿಕೊಳ್ಳಲಿ. ತಿಂಗಳಿಗೊಂದು ಮನೆಯಂತೆ ಸರದಿ ಬರಲಿ. ಒಂದು ವಹಿಯಲ್ಲಿ ಯಾವ ದಿನ, ಯಾರ ಮನೆ, ಯಾವ ಚಿತ್ರ, ಯಂತ್ರ ಯಾರ ಕೈಗೆ ಹೋಯಿತು ಎಂದು ಬರೆದಿಡಲಿ. ನಮ್ಮ ವಾಚನಾಲಯ ಪುಸ್ತಕ ಎರವಲು ಕೊಡುವ ರೀತಿಯೇ ಇದು. ಯಂತ್ರ ಹಲವರ ಸೊತ್ತಾದಾಗ ಕೆಡುವುದು ಅಜಾಗರೂಕತೆಯಿಂದ. ವಹಿ ಇದ್ದಲ್ಲಿ ಅಜಾಗರೂಕತೆ ಕಡಿಮೆ.

ಕಾನೂನಿನ ಬಗ್ಗೆ ಎರಡು ಮಾತು. ಮನೆಮಂದಿ ತಮ್ಮ ಮನೆಯಲ್ಲಿ ಕೂತು ನೋಡುವುದು ಬೇರೆ. ಟಿಕೇಟು ಹಚ್ಚಿ, ಹಲಗೆ ಬರೆದು, ಸಾರ್ವಜನಿಕರನ್ನು ಕರೆದು ತೋರಿಸುವುದು ಬೇರೆ. ಎರಡನೆಯದಕ್ಕೆ 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಹಕ್ಕುದಾರರ ಅಪ್ಪಣೆ ಬೇಕು, ಪ್ರದರ್ಶನದ ಪರವಾನಿಗೆಯೂ ಬೇಕು. ಕದ್ದು ಇಳಿಸಿದ ಪ್ರತಿಗಳನ್ನು ತೋರಿಸಬೇಡಿ. ಚಿತ್ರ ತೆಗೆದವರೂ ನಮ್ಮ ಹಾಗೆ ದುಡಿದವರೇ.

ಯಾವ ಚಿತ್ರ ತೋರಿಸಬೇಕು? ಅದು ನಿಮ್ಮ ಇಷ್ಟ. ಒಂದು ಸಲಹೆ ಕೊಡಬಹುದಾದರೆ, ಹಿರಿಯರು ಕಂಡಿರುವ ಒಂದು ಹಳೆಯ ಚಿತ್ರ, ಮಕ್ಕಳು ಕೇಳುವ ಒಂದು ಹೊಸ ಚಿತ್ರ, ಹೀಗೆ ತಿಂಗಳು ಬಿಟ್ಟು ತಿಂಗಳು ಇಟ್ಟುಕೊಳ್ಳಿ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 1964ರ 'ಅಮರಶಿಲ್ಪಿ ಜಕಣಾಚಾರಿ'. ನಮ್ಮ ಮಕ್ಕಳಿಗೆ ಬೇಲೂರನ್ನು ಪರಿಚಯಿಸಲು ಒಳ್ಳೆಯ ನೆಪ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಆ ಕೆಲಸದಲ್ಲಿ ನಮ್ಮ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಂಸ್ಥೆಯ ಪಾತ್ರವಿದೆ. ಚಿತ್ರ ಮುಗಿದೊಡನೆ ದೀಪ ಹಾಕಿ ಜನರನ್ನು ಎಬ್ಬಿಸಬೇಡಿ. ಹತ್ತು ನಿಮಿಷ ಕೂತು, ಮಕ್ಕಳಿಂದ ಕಥೆಯನ್ನು ಕನ್ನಡದಲ್ಲಿ ಹೇಳಿಸಿ. ತಿಳಿಯದ ಮಾತಿಗೆ ಅಜ್ಜಿ ಅರ್ಥ ಹೇಳಲಿ. ಊರಿನಿಂದ ಬಂದು ಮೂಲೆಯಲ್ಲಿ ಕೂತು ದಿನ ದೂಡುವ ಅಜ್ಜಿಗೆ ಆ ಹತ್ತು ನಿಮಿಷ ಪಂಡಿತರ ಪಟ್ಟ.

ನನ್ನ ಮಾತು ಉದ್ದವಾಯಿತು. ಮಂದಿರದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಇಂಟರ್ವಲ್ ಬಿಡುತ್ತಿದ್ದೆ. ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.

(ಭಾಷಣದ ಬಳಿಕ ಸಭಿಕರು ಕೇಳಿದ ಕೆಲವು ಪ್ರಶ್ನೆಗಳು, ಭಾಷಣಕಾರರ ಉತ್ತರಗಳು)

ಪ್ರಶ್ನೆ: ಮನೆಯಲ್ಲಿ ಟೀವಿ ಇರುವಾಗ ಇದೆಲ್ಲ ಏಕೆ?

ಉತ್ತರ: ನಾಲ್ಕೇ ಮಂದಿ ನೋಡುವುದಾದರೆ ಬೇಡ, ಟೀವಿಯೇ ಸಾಕು, ದುಡ್ಡು ಉಳಿಸಿ. 43 ಅಂಗುಲದ ಟೀವಿಯ ಅಗಲ ಮೂರಡಿಗಿಂತ ತುಸು ಹೆಚ್ಚು. ಆರಡಿ ತೆರೆಯ ವಿಸ್ತೀರ್ಣ ಅದರ ಮೂರೂವರೆ ಪಟ್ಟಿಗಿಂತ ಜಾಸ್ತಿ. ಹದಿನೈದು ಮಂದಿ ಒಟ್ಟಿಗೆ ಕೂರಬೇಕಾದಾಗ ಮಾತ್ರ ಇದರ ಬೆಲೆ. ಟೀವಿಯ ಮುಂದೆ ನಾವು ಎದ್ದು ಹೋಗುತ್ತೇವೆ, ಫೋನು ನೋಡುತ್ತೇವೆ. ಕತ್ತಲಲ್ಲಿ ಒಟ್ಟಿಗೆ ಕೂತವರು ಒಟ್ಟಿಗೆ ನಗುತ್ತಾರೆ.

ಪ್ರಶ್ನೆ: ಊರ ಮನೆಯಲ್ಲಿ ಹಳೆಯ ಫಿಲ್ಮಿನ ಸುರುಳಿ ಸಿಕ್ಕಿದೆ. ಹಾಕಿ ನೋಡಬಹುದೇ?

ಉತ್ತರ: ದಯವಿಟ್ಟು ಯಂತ್ರಕ್ಕೆ ಹಾಕಬೇಡಿ. ಹಳೆಯ ಫಿಲ್ಮು ಕುಗ್ಗಿರುತ್ತದೆ. ಹಲ್ಲಿನ ಗಾಲಿಗೆ ಸಿಕ್ಕಿ ತೂತುಗಳು ಹರಿಯುತ್ತವೆ. ಡಬ್ಬಿ ತೆಗೆದಾಗ ಹುಳಿ ವಿನೆಗರಿನ ವಾಸನೆ ಬಂದರೆ ಅಸಿಟೇಟು ಕೆಡಲು ಆರಂಭವಾಗಿದೆ ಎಂದರ್ಥ. ಅದನ್ನು ಬೇರೆ ಸುರುಳಿಗಳಿಂದ ದೂರವಿಡಿ. 35 ಮಿಲಿಮೀಟರಿನದಾಗಿ 1950ಕ್ಕಿಂತ ಹಳೆಯದಾಗಿದ್ದರೆ ನೈಟ್ರೇಟ್ ಇರಬಹುದು. ಬೆಂಕಿಯ ಹತ್ತಿರ ತರಲೇಬೇಡಿ. 2003ರ ಜನವರಿಯಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ ಬೆಂಕಿ ಬಿದ್ದು ಎಷ್ಟೋ ನೈಟ್ರೇಟ್ ಸುರುಳಿಗಳು ಸುಟ್ಟುಹೋದವು. 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿಯೇ ಇದೆ. ಮುಂಬಯಿಯಿಂದ ಒಂದು ರೈಲಿನ ದಾರಿ. ಅವರಿಗೆ ತಿಳಿಸಿ. ಮನೆಯ ಮದುವೆಯ ಸುರುಳಿಯೇ ಆದರೂ ಆ ಕಾಲದ ಊರಿನ ಬೀದಿ ಅದರಲ್ಲಿ ಇದ್ದೀತು.

ಪ್ರಶ್ನೆ (ಮಹಿಳೆಯರ ಸಾಲಿನಿಂದ): ಎಲ್ಲ ಹೇಳಿದಿರಿ. ಆಟ ಮುಗಿದ ಮೇಲೆ ಊಟದ ಪಾತ್ರೆ ತೊಳೆಯುವವರು ಯಾರು?

ಉತ್ತರ: ಎಲ್ಲರಿಗಿಂತ ಮೊದಲು ಬಂದು ಒಳ್ಳೆಯ ಜಾಗ ಹಿಡಿದ ಗಂಡಸರು. (ನಗು.) ತಾಯೀ, ನಗುವುದಕ್ಕೆ ಹೇಳಿದ್ದಲ್ಲ, ಆ ವಹಿಯಲ್ಲಿ ಇದಕ್ಕೂ ಒಂದು ಕಾಲಮು ಹಾಕಿಸಿ.

ಇಷ್ಟು ಹೊತ್ತು ಸಮಾಧಾನದಿಂದ ಕೇಳಿದಿರಿ. ನಡುವೆ ಯಾರೂ ಸೀಟಿ ಹೊಡೆಯಲಿಲ್ಲ.